ಹೋಸ್ಟಿಂಗ್ ಸೇವೆಯ ಬಳಕೆ: ಯಾವುದು ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ? ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆ, ಸಂಘ, ಪ್ರಕಾಶನ, ಸುದ್ದಿತಾಣ, ಸಣ್ಣ ವ್ಯಾಪಾರ ಎಂದು ಕನ್ನಡದಲ್ಲಿ ಜಾಲತಾಣ ನಡೆಸುವವರ ಸಂಖ್ಯೆ ಬೆಳೆಯುತ್ತಲೇ ಇದೆ. ಹೋಸ್ಟಿಂಗ್, ಅಂದರೆ ತಾಣವನ್ನು ಇಡಲು ಸರ್ವರ್‌ನಲ್ಲಿ ಬಾಡಿಗೆ ಜಾಗ, ಕೊಳ್ಳುವಾಗ ‘ನಿಯಮಗಳನ್ನು ಒಪ್ಪಿದ್ದೇನೆ’ ಎಂಬಲ್ಲಿ ಟಿಕ್ ಹಾಕಿ ಮುಂದೆ ಹೋಗುವುದು ವಾಡಿಕೆಯಾಗಿದ್ದು, ಆ ನಿಯಮಗಳಲ್ಲಿ ಏನಿತ್ತು ಎಂದು ಹುಡುಕುವ ಪ್ರಸಂಗ ಬರುವುದು ಬಹುತೇಕ ಖಾತೆ ಅಮಾನತಾದ ಮೇಲೆಯೇ. ಆ ಹೊತ್ತಿಗೆ ಮೊದಲೇ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಪ್ರಶ್ನೋತ್ತರದ ರೂಪದಲ್ಲಿ ಕೊಡಲಾಗಿದೆ. ಕಾನೂನಿನ ಮಾತು ಬಂದಲ್ಲೆಲ್ಲ, ಬೇರೆ ದೇಶದ ಹೆಸರು ಹೇಳದಿದ್ದರೆ, ಅದು ಭಾರತದ ಕಾನೂನು ಎಂದು ತಿಳಿಯಬೇಕು.

ಹಣ ಕೊಟ್ಟು ಜಾಗ ಪಡೆದಿದ್ದೇನೆ. ಅಲ್ಲಿ ಏನು ಇಡಬೇಕೆಂದು ಕಂಪನಿ ಏಕೆ ಹೇಳಬೇಕು?

ಕಡಿಮೆ ದರದ ಶೇರ್ಡ್ ಹೋಸ್ಟಿಂಗ್‌ನಲ್ಲಿ ಒಂದೇ ಸರ್ವರ್ ಮೇಲೆ ನೂರಾರು ಗ್ರಾಹಕರ ತಾಣಗಳಿರುತ್ತವೆ. ಪ್ರೊಸೆಸರ್, ಮೆಮೊರಿ, ಡಿಸ್ಕ್ ಮಾತ್ರವಲ್ಲ, ಬಹಳ ಸಲ ಐಪಿ ವಿಳಾಸವೂ ಎಲ್ಲರಿಗೂ ಒಂದೇ ಆಗಿರುತ್ತದೆ. ಒಂದೇ ನಲ್ಲಿ, ಒಂದೇ ಚರಂಡಿಯನ್ನು ಹಂಚಿಕೊಂಡ ವಠಾರದ ಮನೆಗಳಲ್ಲಿ ಒಬ್ಬರ ನಡವಳಿಕೆ ಉಳಿದವರಿಗೆ ತಟ್ಟುವ ಹಾಗೆಯೇ ಇಲ್ಲಿಯೂ ತಟ್ಟುತ್ತದೆ. ಒಬ್ಬ ಗ್ರಾಹಕನ ಖಾತೆಯಿಂದ ಸ್ಪ್ಯಾಮ್ ಹೊರಟರೆ, ಆ ಐಪಿ ವಿಳಾಸ ಸ್ಪ್ಯಾಮ್‌ಹಾಸ್‌ನಂತಹ ಸಂಸ್ಥೆಗಳ ಕಪ್ಪುಪಟ್ಟಿಗೆ ಸೇರುತ್ತದೆ. ಅದೇ ಸರ್ವರ್‌ನಲ್ಲಿರುವ, ಏನೂ ತಪ್ಪು ಮಾಡದ ಶಾಲೆಯೊಂದು ಪೋಷಕರಿಗೆ ಕಳಿಸಿದ ಪತ್ರಗಳೂ ತಲುಪದೆ ಹಿಂದಿರುಗುತ್ತವೆ. ಆದ್ದರಿಂದ ಬಳಕೆ ನಿಯಮಗಳನ್ನು ಕಂಪನಿಯ ದರ್ಪವೆಂದು ಓದದೆ, ನೆರೆಯ ಗ್ರಾಹಕರಿಗೆ ಸಿಕ್ಕ ರಕ್ಷಣೆಯೆಂದು ಓದುವುದು ಸರಿ. ನಾಳೆ ಅದೇ ರಕ್ಷಣೆ ನಿಮಗೂ ಬೇಕಾಗುತ್ತದೆ.

ಇನ್ನೊಂದು ಕಾರಣ ಕಾನೂನಿನದು. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 79ನೇ ಕಲಮು ಗ್ರಾಹಕರು ಇಟ್ಟ ವಿಷಯಕ್ಕೆ ಹೋಸ್ಟಿಂಗ್ ಕಂಪನಿಯಂತಹ ಮಧ್ಯವರ್ತಿಗಳನ್ನು ಹೊಣೆ ಮಾಡದೆ ಕಾಪಾಡುತ್ತದೆ; ಆದರೆ ಮಧ್ಯವರ್ತಿ ತಕ್ಕ ಎಚ್ಚರಿಕೆ ವಹಿಸಿರಬೇಕು ಎಂಬ ಷರತ್ತಿನ ಮೇಲೆ. ಬಳಕೆ ನಿಯಮಗಳನ್ನು ಪ್ರಕಟಿಸಿ ಗ್ರಾಹಕರಿಗೆ ತಿಳಿಸುವುದು, ದೂರು ಸ್ವೀಕರಿಸಲು ಅಧಿಕಾರಿಯನ್ನು ನೇಮಿಸುವುದು, ಇವೆರಡೂ 2021ರ ಫೆಬ್ರವರಿ 25ರಂದು ಹೊರಬಂದ ಮಧ್ಯವರ್ತಿ ನಿಯಮಗಳ ಪ್ರಕಾರ ಆ ಎಚ್ಚರಿಕೆಯ ಭಾಗವೇ ಆಗಿವೆ.

ಯಾವ ಕಂಪನಿಯಲ್ಲೂ ಸಲ್ಲದ ಬಳಕೆಗಳು ಯಾವುವು?

ಕಂಪನಿಯಿಂದ ಕಂಪನಿಗೆ ವಿವರ ಬದಲಾದರೂ ತಿರುಳು ಒಂದೇ. ಬ್ಯಾಂಕು ಅಥವಾ ಸರ್ಕಾರಿ ಸೇವೆಯಂತೆ ತೋರುವ ನಕಲಿ ಪುಟ ಕಟ್ಟಿ ಜನರ ಪಾಸ್‌ವರ್ಡ್, ಒಟಿಪಿ ಕದಿಯುವುದು; ವೈರಸ್ ಮತ್ತು ಮಾಲ್‌ವೇರ್ ಹಂಚುವುದು; ಬೇರೆಯವರ ಸರ್ವರ್ ಮೇಲೆ ದಾಳಿ ನಡೆಸುವುದು; ಕೇಳದವರಿಗೆ ಸಗಟು ಇಮೇಲ್ ಕಳಿಸುವುದು; ಬೇರೆಯವರ ಕೃತಿಗಳನ್ನು ಅನುಮತಿಯಿಲ್ಲದೆ ಹಂಚುವುದು; ಒಬ್ಬರ ಖಾಸಗಿ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಪ್ರಕಟಿಸುವುದು; ಇವೆಲ್ಲ ಎಲ್ಲೆಡೆಯೂ ನಿಷಿದ್ಧ.

ಮಕ್ಕಳ ಲೈಂಗಿಕ ಶೋಷಣೆಯ ವಿಷಯದಲ್ಲಿ ಎಚ್ಚರಿಕೆ, ಕಾಲಾವಕಾಶ, ಚರ್ಚೆ ಯಾವುದೂ ಇರುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನ ಪ್ರಕಾರ ಅಂತಹ ವಿಷಯವನ್ನು ಪ್ರಕಟಿಸುವುದಷ್ಟೇ ಅಲ್ಲ, ಹುಡುಕುವುದು ಮತ್ತು ಡೌನ್‌ಲೋಡ್ ಮಾಡುವುದೂ ಅಪರಾಧ. ಮೊದಲ ಸಲ ಶಿಕ್ಷೆಯಾದರೆ 5 ವರ್ಷಗಳವರೆಗಿನ ಸೆರೆವಾಸ ಮತ್ತು 10 ಲಕ್ಷ ರೂಪಾಯಿವರೆಗಿನ ದಂಡ ವಿಧಿಸಬಹುದು. ಕಂಪನಿ ಖಾತೆಯನ್ನು ಆ ಕ್ಷಣವೇ ಮುಚ್ಚಿ ಪೊಲೀಸರಿಗೆ ತಿಳಿಸುತ್ತದೆ, ಹಾಗೆ ಮಾಡಲೇಬೇಕು.

ಹಣ ಕಟ್ಟಿ ಆಡುವ ಆಟದ ತಾಣವನ್ನು ಅಥವಾ ಅದರ ಜಾಹೀರಾತನ್ನು ಇಡಬಹುದೇ?

ಇಲ್ಲ. 2025ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯು ಹಣವನ್ನು ಪಣವಾಗಿಡುವ ಆನ್‌ಲೈನ್ ಆಟಗಳನ್ನು ಒದಗಿಸುವುದನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುತ್ತದೆ, ಆಟ ಕೌಶಲದ್ದೋ ಅದೃಷ್ಟದ್ದೋ ಎಂಬ ಭೇದವನ್ನು ಮಾಡದೆ. ಸಣ್ಣ ಸುದ್ದಿತಾಣಗಳಿಗೆ ಬೆಟ್ಟಿಂಗ್ ಆ್ಯಪ್‌ಗಳ ‘ಪ್ರಾಯೋಜಿತ ಲೇಖನ’ ಹಾಕಿಕೊಡಿ ಎಂದು ಹಣದ ಆಮಿಷ ಒಡ್ಡುವ ಇಮೇಲ್‌ಗಳು ಬರುವುದುಂಟು. ಒಪ್ಪಿಕೊಂಡರೆ ಸಿಕ್ಕಿಬೀಳುವವರು ಜಾಲತಾಣದ ಮಾಲೀಕರೇ.

‘ಅನ್‌ಲಿಮಿಟೆಡ್’ ಎಂಬ ಯೋಜನೆ ಕೊಂಡಿದ್ದೇನೆ. ಸಮಾರಂಭಗಳ ವಿಡಿಯೊಗಳನ್ನೆಲ್ಲ ಅಲ್ಲಿಯೇ ಕೂಡಿಡಬಹುದೇ?

ಬೇಡ. ಅನ್‌ಲಿಮಿಟೆಡ್ ಎಂಬುದು ಡಿಸ್ಕ್ ಜಾಗವನ್ನು ಕುರಿತು ಜಾಹೀರಾತಿನಲ್ಲಿ ಬರುವ ಮಾತು; ಬಳಕೆ ನಿಯಮಗಳಲ್ಲಿ ‘ಜಾಲತಾಣದ ಸಹಜ ಬಳಕೆಗೆ ಮಾತ್ರ’ ಎಂಬ ಸಾಲೊಂದು ಇದ್ದೇ ಇರುತ್ತದೆ. ಫೋಟೊ ಸಂಗ್ರಹ, ಕಂಪ್ಯೂಟರ್‌ನ ಬ್ಯಾಕಪ್, ವಿಡಿಯೊ ಭಂಡಾರ ಇವು ಆ ಸಹಜ ಬಳಕೆಯೊಳಗೆ ಬರುವುದಿಲ್ಲ. ಹೋಸ್ಟಿಂಗ್ ಖಾತೆಯನ್ನು ನಿರ್ವಹಿಸುವ ಸಿಪ್ಯಾನೆಲ್ ಪುಟ ತೆರೆದು ನೋಡಿದರೆ ಒಂದು ಬದಿಯಲ್ಲಿ ಇನೋಡ್ ಎಂಬ ಲೆಕ್ಕ ಕಾಣುತ್ತದೆ: ಅದು ಖಾತೆಯಲ್ಲಿರುವ ಕಡತ ಮತ್ತು ಫೋಲ್ಡರ್‌ಗಳ ಒಟ್ಟು ಸಂಖ್ಯೆ. ಜಾಗಕ್ಕೆ ಮಿತಿಯಿಲ್ಲ ಎಂದವರೂ ಈ ಸಂಖ್ಯೆಗೆ ಮಿತಿ ಇಟ್ಟಿರುತ್ತಾರೆ. ಅಳಿಸದೆ ಬಿಟ್ಟ ಸಾವಿರಾರು ಹಳೆಯ ಇಮೇಲ್‌ಗಳು, ಪುಟಗಳು ಬೇಗ ತೆರೆಯಲೆಂದು ಹಾಕಿಕೊಂಡ ಕ್ಯಾಶ್ ಪ್ಲಗಿನ್ ಸೃಷ್ಟಿಸಿದ ಚಿಕ್ಕ ಚಿಕ್ಕ ಕಡತಗಳು ಇವೇ ಆ ಮಿತಿಯನ್ನು ಮುಟ್ಟಿಸಿಬಿಡುತ್ತವೆ. ಮಿತಿಗಳನ್ನು ನಿಯಮಗಳ ಕೊನೆಯ ಪುಟದಲ್ಲಿ ಅಡಗಿಸಿ ಅನ್‌ಲಿಮಿಟೆಡ್ ಎಂದು ದೊಡ್ಡ ಅಕ್ಷರದಲ್ಲಿ ಮಾರುವುದು ನ್ಯಾಯವಲ್ಲ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಹಾಗೆಂದು ಕೊಳ್ಳುವವರು ಅದನ್ನು ಓದದೆ ಬಿಡುವಂತೆಯೂ ಇಲ್ಲ.

ಸಂಘದ ಸದಸ್ಯರೆಲ್ಲರಿಗೂ ಒಂದೇ ಸಲ ಇಮೇಲ್ ಕಳಿಸಿದರೆ ಅದು ಸ್ಪ್ಯಾಮ್ ಆಗುತ್ತದೆಯೇ?

ಪತ್ರದಲ್ಲಿ ಏನಿದೆ ಎಂಬುದಕ್ಕಿಂತ, ಪಡೆಯುವವರು ಒಪ್ಪಿಗೆ ಕೊಟ್ಟಿದ್ದಾರೆಯೇ ಎಂಬುದು ಮುಖ್ಯ. ರಾಜ್ಯೋತ್ಸವದ ಆಹ್ವಾನವೇ ಆಗಿರಲಿ, ಎಲ್ಲಿಂದಲೋ ಕೊಂಡು ತಂದ ವಿಳಾಸಗಳ ಪಟ್ಟಿಗೆ ಕಳಿಸಿದರೆ ಅದು ಸ್ಪ್ಯಾಮ್. ಸದಸ್ಯತ್ವ ಅರ್ಜಿಯಲ್ಲಿ ಇಮೇಲ್ ಪಡೆಯಲು ಒಪ್ಪಿದವರಿಗೆ ಕಳಿಸಿದರೆ, ಮತ್ತು ಬೇಡವೆಂದವರನ್ನು ಪಟ್ಟಿಯಿಂದ ತಡಮಾಡದೆ ಬಿಟ್ಟರೆ, ಅದು ಸಲ್ಲುತ್ತದೆ. ಅಮೆರಿಕದಲ್ಲಿ ಇಮೇಲ್ ಸ್ಪ್ಯಾಮ್‌ಗೆಂದೇ 2003ರ ಕಾಯ್ದೆಯಿದೆ. ನಮ್ಮಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) 2018ರ ನಿಯಮಾವಳಿ ಕರೆ ಮತ್ತು ಎಸ್ಸೆಮ್ಮೆಸ್‌ಗೆ ಅನ್ವಯಿಸುತ್ತದೆ. ಇಮೇಲ್ ಅದರ ವ್ಯಾಪ್ತಿಯಲ್ಲಿಲ್ಲ ಎಂದು ನಿರಾಳವಾಗುವಂತಿಲ್ಲ, ಏಕೆಂದರೆ ಹೋಸ್ಟಿಂಗ್ ಕಂಪನಿಯ ನಿಯಮಗಳೂ ಜಿಮೇಲ್‌ನ ಷರತ್ತುಗಳೂ ನಿಮ್ಮನ್ನು ಕಟ್ಟಿಹಾಕುತ್ತವೆ.

ಒಪ್ಪಿಗೆಯಿದ್ದರೂ ಶೇರ್ಡ್ ಸರ್ವರ್‌ನಿಂದ ಗಂಟೆಗೆ ಇಷ್ಟೇ ಪತ್ರ ಎಂಬ ಮಿತಿ ಇರುತ್ತದೆ. ಸಾವಿರಾರು ಸದಸ್ಯರಿದ್ದರೆ ಇಮೇಲ್ ಕಳಿಸುವುದಕ್ಕೆಂದೇ ಇರುವ ಸೇವೆಯನ್ನು ಬಳಸುವುದು ಒಳ್ಳೆಯದು. ನಿಮ್ಮ ಡೊಮೇನ್‌ಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ದಾಖಲೆಗಳನ್ನು ಸೇರಿಸಿರಬೇಕು. ಈ ಪತ್ರ ನಿಜಕ್ಕೂ ಈ ಡೊಮೇನ್‌ನವರೇ ಕಳಿಸಿದ್ದು ಎಂದು ಪಡೆಯುವ ಸರ್ವರ್ ಖಾತರಿಪಡಿಸಿಕೊಳ್ಳುವುದು ಇವುಗಳಿಂದಲೇ. 2024ರ ಫೆಬ್ರವರಿಯಿಂದ ಗೂಗಲ್, ದಿನಕ್ಕೆ 5,000ಕ್ಕೂ ಹೆಚ್ಚು ಪತ್ರಗಳನ್ನು ಜಿಮೇಲ್ ವಿಳಾಸಗಳಿಗೆ ಕಳಿಸುವವರಿಗೆ ಈ ಮೂರನ್ನೂ ಕಡ್ಡಾಯ ಮಾಡಿದೆ. ಪ್ರಚಾರದ ಪತ್ರಗಳಲ್ಲಿ ಒಂದೇ ಕ್ಲಿಕ್ಕಿನಲ್ಲಿ ಪಟ್ಟಿಯಿಂದ ಹೊರಬರುವ ಸೌಲಭ್ಯವಿರಬೇಕು, ಸ್ಪ್ಯಾಮ್ ಎಂದು ದೂರುವವರ ಪ್ರಮಾಣ ಶೇ 0.3ನ್ನು ಮುಟ್ಟಬಾರದು ಎಂದೂ ಹೇಳಿದೆ.

ನಾವು ಒಂದೂ ಸ್ಪ್ಯಾಮ್ ಕಳಿಸಿಲ್ಲ. ಆದರೂ ಖಾತೆ ಅಮಾನತಾಗಿದೆ. ಇದು ಹೇಗೆ?

ಅತಿ ಹೆಚ್ಚು ಜನ ನೊಂದು ಕೇಳುವ ಪ್ರಶ್ನೆ ಇದು. ಉತ್ತರ ಬಹುಪಾಲು ಒಂದೇ: ನಿಮ್ಮ ತಾಣದೊಳಗೆ ಯಾರೋ ನುಗ್ಗಿದ್ದಾರೆ, ಪತ್ರ ಕಳಿಸುತ್ತಿರುವುದು ಅವರು ಬಿಟ್ಟುಹೋದ ಕಡತ.

ವರ್ಡ್‌ಪ್ರೆಸ್ ಎಂಬ ತಂತ್ರಾಂಶದಿಂದ ಕಟ್ಟಿದ ತಾಣದಲ್ಲಿ ಅಪ್‌ಲೋಡ್ಸ್ ಎಂಬ ಫೋಲ್ಡರ್ ಇರುತ್ತದೆ. ವರ್ಷ ಮತ್ತು ತಿಂಗಳಿನ ಪ್ರಕಾರ ಅದರೊಳಗೆ ಚಿತ್ರಗಳು, ಪಿಡಿಎಫ್‌ಗಳು ಇರಬೇಕು. ಅಲ್ಲಿ ಪಿಎಚ್‌ಪಿ ಎಂದು ಕೊನೆಗೊಳ್ಳುವ ಕಡತವೊಂದು ಕಂಡರೆ ಅನುಮಾನ ಪಡಲೇಬೇಕು. ತೆರೆದು ನೋಡಿದರೆ ಓದಲು ಬರುವ ಒಂದು ಪದವೂ ಇಲ್ಲದೆ, ಅಕ್ಷರ ಮತ್ತು ಅಂಕಿಗಳು ಬೆರೆತ ಒಂದೇ ಉದ್ದನೆಯ ಸಾಲು ಇರುತ್ತದೆ. ಅದರ ಮೊದಲಿಗೆ ಆ ಸಾಲನ್ನು ಬಿಡಿಸಿ ಚಲಾಯಿಸುವ ಸಣ್ಣ ಆಜ್ಞೆಯೊಂದು. ಕಡತದ ಹೆಸರು ಮಾತ್ರ ವರ್ಡ್‌ಪ್ರೆಸ್‌ನದೇ ಕಡತವೇನೋ ಎನ್ನಿಸುವಂತೆ ಇರುತ್ತದೆ. ಎರಡು ವರ್ಷ ಅಪ್‌ಡೇಟ್ ಮಾಡದ ಪ್ಲಗಿನ್, ‘ಉಚಿತ’ ಎಂದು ಎಲ್ಲಿಂದಲೋ ಇಳಿಸಿಕೊಂಡ ದುಬಾರಿ ಥೀಮ್, ಸಂಘದ ಹೆಸರಿನ ಮುಂದೆ 123 ಸೇರಿಸಿದ ಪಾಸ್‌ವರ್ಡ್ ಇವೇ ನುಗ್ಗುವವರಿಗೆ ಬಾಗಿಲು. ಕದ್ದ ಥೀಮ್‌ಗಳಲ್ಲಂತೂ ಅಂತಹ ಕಡತ ಮೊದಲೇ ಸೇರಿಕೊಂಡಿರುವುದುಂಟು.

ಖಾತೆಯಿಂದ ಏನೇ ಹೊರಟರೂ ಅದಕ್ಕೆ ಖಾತೆದಾರರೇ ಹೊಣೆ ಎಂದು ಎಲ್ಲ ನಿಯಮಗಳೂ ಹೇಳುತ್ತವೆ. ಇದು ಕಠೋರವಾಗಿ ಕಂಡರೂ ಬೇರೆ ದಾರಿಯಿಲ್ಲ, ಏಕೆಂದರೆ ಬೀಗ ಹಾಕುವ ಅಧಿಕಾರ ನಿಮ್ಮೊಬ್ಬರಿಗೇ ಇದೆ. ಆದರೆ ಮೋಸಗಾರನನ್ನೂ ಮೋಸಹೋದವರನ್ನೂ ಕಂಪನಿ ಒಂದೇ ಬಗೆಯಲ್ಲಿ ನಡೆಸಿಕೊಳ್ಳಬಾರದು: ಮೋಸಹೋದವರಿಗೆ ಯಾವ ಕಡತದಿಂದ ತೊಂದರೆಯಾಯಿತು ಎಂಬುದನ್ನು ತಿಳಿಸಿ, ಸರಿಪಡಿಸಲು ಅವಕಾಶ ಕೊಡಬೇಕು. ಅಷ್ಟನ್ನೂ ಮಾಡದ ಕಂಪನಿಯನ್ನು ಬಿಟ್ಟುಬರುವುದೇ ಲೇಸು.

ದೂರಿನ ಇಮೇಲ್ ಬಂದಾಗ ಮೊದಲು ಏನು ಮಾಡಬೇಕು?

ಅದನ್ನು ಓದಬೇಕು. ಹೆಚ್ಚಿನ ದೂರುಗಳಲ್ಲಿ ಐಪಿ ವಿಳಾಸ, ಘಟನೆಯ ಸಮಯ, ಲಾಗ್‌ನ, ಅಂದರೆ ಸರ್ವರ್‌ನ ಚಟುವಟಿಕೆಯ ದಾಖಲೆಯ, ಕೆಲವು ಸಾಲುಗಳು ಇರುತ್ತವೆ. ಸಮಯವನ್ನು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಬರೆದಿದ್ದರೆ ಅದಕ್ಕೆ ಐದೂವರೆ ಗಂಟೆ ಕೂಡಿಸಿ ನಿಮ್ಮ ಲಾಗ್‌ನಲ್ಲಿ ಹುಡುಕಬೇಕು; ಇದನ್ನು ಮರೆತವರು ‘ಆ ಹೊತ್ತಿನಲ್ಲಿ ಏನೂ ನಡೆದಿಲ್ಲ’ ಎಂದು ಉತ್ತರಿಸಿ ನಂಬಿಕೆ ಕಳೆದುಕೊಳ್ಳುತ್ತಾರೆ. ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿ, ಅಪರಿಚಿತ ಬಳಕೆದಾರರನ್ನು ತೆಗೆದುಹಾಕಿ, ಸಾಧ್ಯವಾದರೆ ನುಗ್ಗುವುದಕ್ಕೆ ಮುಂಚಿನ ಬ್ಯಾಕಪ್‌ನಿಂದ ತಾಣವನ್ನು ಮರಳಿ ಕಟ್ಟಬೇಕು. ಏನು ಸಿಕ್ಕಿತು, ಏನು ಮಾಡಿದಿರಿ ಎಂದು ನಾಲ್ಕು ಸಾಲಿನಲ್ಲಿ ಉತ್ತರ ಬರೆಯಿರಿ. ದೂರಿಗೆ ಉತ್ತರವೇ ಬಾರದಿದ್ದಾಗ ತಪ್ಪಿಲ್ಲದವರ ಖಾತೆಯೂ ಮುಚ್ಚಿಹೋಗುತ್ತದೆ. ಹೋಸ್ಟಿಂಗ್ ಖಾತೆಗೆ ಕೊಟ್ಟಿರುವುದು ಸಂಘದ ಹಿಂದಿನ ಕಾರ್ಯದರ್ಶಿಯ ಇಮೇಲ್ ಆಗಿದ್ದರೆ ಇಂದೇ ಬದಲಿಸಿ.

ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಉಚಿತವಾಗಿ ಹಾಕುತ್ತೇವೆ. ಇದು ಕನ್ನಡದ ಕೆಲಸ, ಇದರಲ್ಲೇನು ತಪ್ಪು?

ಉದ್ದೇಶ ಒಳ್ಳೆಯದಿರಬಹುದು; ಆದರೆ ಕೃತಿಸ್ವಾಮ್ಯ ಕಾಯ್ದೆ, 1957ರ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷಗಳವರೆಗೆ ಹಕ್ಕು ಅವರ ವಾರಸುದಾರರದು ಅಥವಾ ಹಕ್ಕು ಪಡೆದವರದು. ಬಿ.ಎಂ. ಶ್ರೀಕಂಠಯ್ಯನವರು 1946ರಲ್ಲಿ ನಿಧನರಾದ್ದರಿಂದ ಅವರ ಬದುಕಿನ ಕಾಲದಲ್ಲಿ ಪ್ರಕಟವಾದ ಕೃತಿಗಳು 2007ರ ಆರಂಭದಿಂದ ಎಲ್ಲರ ಸ್ವತ್ತು. ಕುವೆಂಪು 1994ರಲ್ಲಿ ನಿಧನರಾದರು. ಅವರ ಕೃತಿಗಳ ಹಕ್ಕು 2054ರ ಕೊನೆಯವರೆಗೆ ಉಳಿಯುತ್ತದೆ. ಪುಸ್ತಕ ಹಳೆಯದು, ಅಂಗಡಿಯಲ್ಲಿ ಸಿಗುತ್ತಿಲ್ಲ, ನಾವು ಹಣ ಪಡೆಯುತ್ತಿಲ್ಲ ಎಂಬ ಮೂರು ಮಾತುಗಳಲ್ಲಿ ಯಾವುದೂ ಈ ಲೆಕ್ಕವನ್ನು ಬದಲಿಸುವುದಿಲ್ಲ. ಹಳೆಯ ಕೃತಿಯಾದರೂ ಇತ್ತೀಚಿನ ಸಂಪಾದಕರು ಬರೆದ ಮುನ್ನುಡಿ, ಅರ್ಥಕೋಶ, ಟಿಪ್ಪಣಿಗಳಿಗೆ ಬೇರೆಯೇ ಹಕ್ಕು ಇರುತ್ತದೆ ಎಂಬುದನ್ನು ಹಲವರು ಗಮನಿಸುವುದಿಲ್ಲ.

ಇಷ್ಟರ ಮೇಲೂ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಅವಧಿ ಮುಗಿದ ಕೃತಿಗಳನ್ನು ಯೂನಿಕೋಡ್‌ಗೆ ತರಬಹುದು. ವಾರಸುದಾರರನ್ನು ಹುಡುಕಿ ಕೇಳಿದರೆ ಎಷ್ಟೋ ಕುಟುಂಬಗಳು ಸಂತೋಷದಿಂದ ಒಪ್ಪುತ್ತವೆ. ಒಪ್ಪಿಗೆಯನ್ನು ಬರಹದಲ್ಲಿ ಪಡೆದು ಇಟ್ಟುಕೊಳ್ಳಬೇಕು. ಕನ್ನಡದ ಪ್ರಕಾಶಕರು ಸಾವಿರ ಪ್ರತಿ ಮಾರಲು ಪಡುವ ಪಾಡನ್ನು ಬಲ್ಲವರು, ಮೊನ್ನೆ ಬಿಡುಗಡೆಯಾದ ಕಾದಂಬರಿಯ ಪಿಡಿಎಫ್ ಹಂಚುವುದನ್ನು ಕನ್ನಡದ ಸೇವೆ ಎಂದು ಕರೆಯಲಾರರು.

ಕೃತಿಸ್ವಾಮ್ಯದ ದೂರು ಬಂದರೆ ನಮ್ಮ ಮಾತನ್ನು ಯಾರೂ ಕೇಳುವುದಿಲ್ಲವೇ?

ಕೇಳುತ್ತಾರೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 52(1)(ಸಿ) ಕಲಮಿನ ಪ್ರಕಾರ, ಹಕ್ಕುದಾರರಿಂದ ಲಿಖಿತ ದೂರು ಪಡೆದ ಮಧ್ಯವರ್ತಿ 21 ದಿನಗಳವರೆಗೆ ಆ ವಿಷಯ ಸಿಗದಂತೆ ತಡೆಯಬೇಕು. ಅಷ್ಟರೊಳಗೆ ನ್ಯಾಯಾಲಯದ ಆದೇಶ ಬಾರದಿದ್ದರೆ ಮತ್ತೆ ತೆರೆಯಬಹುದು. ಸರ್ವರ್ ಅಮೆರಿಕದ ಕಂಪನಿಯದಾದರೆ ಅಲ್ಲಿನ 1998ರ ಡಿಜಿಟಲ್ ಕೃತಿಸ್ವಾಮ್ಯ ಕಾಯ್ದೆ (ಡಿಎಂಸಿಎ) ಅನ್ವಯಿಸುತ್ತದೆ: ದೂರು ತಪ್ಪೆಂದು ನೀವು ಪ್ರತಿ-ನೋಟಿಸ್ ಕೊಟ್ಟರೆ, ದೂರುದಾರರು ದಾವೆ ಹೂಡದಿದ್ದಲ್ಲಿ 10ರಿಂದ 14 ಕೆಲಸದ ದಿನಗಳೊಳಗೆ ವಿಷಯವನ್ನು ಮರಳಿ ಇಡಬೇಕು. ವಿಮರ್ಶೆಗಾಗಿ ಕೃತಿಯ ಒಂದು ಭಾಗವನ್ನು ಉದ್ಧರಿಸುವುದು ಕಾನೂನು ಒಪ್ಪಿದ ಬಳಕೆಯಾದ್ದರಿಂದ, ಕಟುವಾದ ವಿಮರ್ಶೆಯನ್ನು ಅಡಗಿಸಲು ಇಂತಹ ದೂರನ್ನು ಬಳಸಿದ್ದರೆ ಅಂಜಬೇಕಿಲ್ಲ. ಆದರೆ ಪ್ರತಿ-ನೋಟಿಸ್‌ನಲ್ಲಿ ಸುಳ್ಳು ಹೇಳಿದರೆ ಶಿಕ್ಷೆಯುಂಟು. ಮೇಲಿಂದ ಮೇಲೆ ದೂರು ಬರುವ ಖಾತೆಯನ್ನು ಮುಚ್ಚುವ ಕ್ರಮವನ್ನೂ ಆ ಕಾಯ್ದೆ ಕಂಪನಿಗಳಿಂದ ನಿರೀಕ್ಷಿಸುತ್ತದೆ.

ಸರ್ಕಾರವನ್ನೋ ರಾಜಕಾರಣಿಯನ್ನೋ ಟೀಕಿಸಿ ಬರೆದರೆ ಅದು ‘ದುರ್ಬಳಕೆ’ ಆಗುತ್ತದೆಯೇ?

ಟೀಕೆ ದುರ್ಬಳಕೆಯಲ್ಲ. ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು, ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧವಾಗಿಸಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ರದ್ದುಪಡಿಸಿದ್ದಲ್ಲದೆ, 79ನೇ ಕಲಮಿನಡಿ ವಿಷಯ ತೆಗೆಯಬೇಕಾದದ್ದು ನ್ಯಾಯಾಲಯದ ಆದೇಶ ಅಥವಾ ಸರ್ಕಾರದ ಅಧಿಸೂಚನೆ ಬಂದಾಗ ಎಂದು ಹೇಳಿತು. ಯಾರೋ ಒಬ್ಬರಿಗೆ ಸಿಟ್ಟು ಬಂದಿತೆಂದು ಕಂಪನಿಯೇ ನ್ಯಾಯಾಧೀಶನಾಗಿ ಕೂರಬೇಕಿಲ್ಲ ಎಂಬುದು ಅದರ ಆಶಯ. ಸರ್ಕಾರಿ ಸಂಸ್ಥೆಗಳು ‘ಸಹಯೋಗ್’ ಪೋರ್ಟಲ್ ಮೂಲಕ ತೆಗೆದುಹಾಕುವ ಸೂಚನೆ ಕಳಿಸುವುದನ್ನು ಪ್ರಶ್ನಿಸಿ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿ ಸಲ್ಲಿಸಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2025ರ ಸೆಪ್ಟೆಂಬರ್ 24ರಂದು ವಜಾಗೊಳಿಸಿತು. ತೆಗೆದುಹಾಕುವ ಆದೇಶ ಯಾರಿಂದ, ಯಾವ ದಾರಿಯಲ್ಲಿ ಬರಬೇಕು ಎಂಬ ಪ್ರಶ್ನೆ ಎಷ್ಟು ಜೀವಂತವಾಗಿದೆ ಎಂಬುದಕ್ಕೆ ಬೆಂಗಳೂರಿನಲ್ಲೇ ನಡೆದ ಆ ಮೊಕದ್ದಮೆ ಸಾಕ್ಷಿ. ಸುಳ್ಳು ಆರೋಪ ಹೊರಿಸಿ ಮಾನಹಾನಿ ಮಾಡುವುದು ಬೇರೆ ಮಾತು; ಅದು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿಗೆ ಒಳಪಡುತ್ತದೆ.

ಆದರೆ ಹೋಸ್ಟಿಂಗ್ ಖಾಸಗಿ ಕರಾರು ಎಂಬುದನ್ನೂ ಮರೆಯಬಾರದು. ಕಾನೂನು ನಿಷೇಧಿಸದ ವಿಷಯವನ್ನೂ ಕಂಪನಿ ತನ್ನ ನಿಯಮಗಳಡಿ ನಿರಾಕರಿಸಬಹುದು. 2010ರ ಡಿಸೆಂಬರ್‌ನಲ್ಲಿ ಅಮೆಜಾನ್ ತನ್ನ ಸರ್ವರ್‌ಗಳಿಂದ, ಸರ್ಕಾರಗಳ ಗುಪ್ತ ದಾಖಲೆಗಳನ್ನು ಹೊರಗೆಡಹುವ ವಿಕಿಲೀಕ್ಸನ್ನು ಹೊರಹಾಕಿತು; 2021ರ ಜನವರಿಯಲ್ಲಿ ಅಮೆರಿಕದ ಬಲಪಂಥೀಯರು ಹೆಚ್ಚಾಗಿ ಬಳಸುತ್ತಿದ್ದ ಸಾಮಾಜಿಕ ಜಾಲತಾಣ ಪಾರ್ಲರ್‌ಗೂ ಸೇವೆ ನಿಲ್ಲಿಸಿತು. ಈ ಎರಡರಲ್ಲಿ ಒಂದನ್ನು ಮೆಚ್ಚಿ ಇನ್ನೊಂದನ್ನು ಖಂಡಿಸುವವರು ಎರಡೂ ಕಡೆ ಇದ್ದಾರೆ. ನಮ್ಮ ಸಲಹೆ ಇಷ್ಟು: ಸುದ್ದಿ ಮತ್ತು ವಿಮರ್ಶೆಯ ತಾಣ ನಡೆಸುವವರು, ‘ನಮ್ಮ ವಿವೇಚನೆಯ ಮೇರೆಗೆ ಯಾವುದೇ ವಿಷಯವನ್ನು ಸೂಚನೆಯಿಲ್ಲದೆ ತೆಗೆಯುತ್ತೇವೆ’ ಎನ್ನುವ ಕಂಪನಿಗಿಂತ, ದೂರಿನ ವಿವರ ತಿಳಿಸಿ ಉತ್ತರಕ್ಕೆ ಕಾಲಾವಕಾಶ ಕೊಡುತ್ತೇವೆ ಎಂದು ಬರೆದುಕೊಟ್ಟ ಕಂಪನಿಯನ್ನು ಆರಿಸಿಕೊಳ್ಳಬೇಕು. ಡೊಮೇನ್ ನೋಂದಣಿ ಮತ್ತು ಹೋಸ್ಟಿಂಗ್ ಎರಡನ್ನೂ ಒಬ್ಬರ ಬಳಿಯೇ ಇಟ್ಟರೆ ಒಂದು ವಿವಾದದಲ್ಲಿ ಎರಡೂ ಸಿಕ್ಕಿಕೊಳ್ಳುತ್ತವೆ ಎಂಬುದನ್ನೂ ಯೋಚಿಸಬೇಕು.

ನನ್ನದು ವಿಪಿಎಸ್ (ಸರ್ವರ್‌ನಲ್ಲಿ ನನಗೊಬ್ಬನಿಗೇ ಮೀಸಲಾದ ಪಾಲು), ನೆರೆಯವರ ಪ್ರಶ್ನೆಯೇ ಇಲ್ಲ. ಬೇಕಾದ್ದು ಮಾಡಬಹುದಲ್ಲವೇ?

ಸ್ವಾತಂತ್ರ್ಯ ಹೆಚ್ಚು, ನಿಜ. ಆದರೆ ಕೆಳಗಿರುವ ಯಂತ್ರ, ನೆಟ್‌ವರ್ಕ್ ಮತ್ತು ಐಪಿ ಶ್ರೇಣಿ ಇನ್ನೂ ಹಂಚಿಕೊಂಡಿದ್ದೇ. ಕ್ರಿಪ್ಟೊ ಗಣಿಗಾರಿಕೆ ಪ್ರೊಸೆಸರನ್ನು ಇಡೀ ದಿನ ಪೂರ್ತಿ ದುಡಿಸುವುದರಿಂದ ಹೆಚ್ಚಿನ ಕಂಪನಿಗಳು ಬೇಡವೆನ್ನುತ್ತವೆ. ಇಮೇಲ್ ಹೊರಹೋಗುವ 25ನೇ ಪೋರ್ಟನ್ನು ಹಲವು ದೊಡ್ಡ ಕ್ಲೌಡ್ ಕಂಪನಿಗಳು ಮೊದಲಿಂದಲೇ ಮುಚ್ಚಿರುತ್ತವೆ. ಸುರಕ್ಷತೆಯ ಪಾಠ ಕಲಿಯುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬೇರೆಯವರ ಸರ್ವರ್‌ನ ಪೋರ್ಟ್‌ಗಳನ್ನು (ಸಂಪರ್ಕದ ಬಾಗಿಲುಗಳನ್ನು) ಸ್ಕ್ಯಾನ್ ಮಾಡಿದರೆ ಕೆಲವೇ ಗಂಟೆಗಳಲ್ಲಿ ದೂರು ಬರುತ್ತದೆ; ಅಭ್ಯಾಸಕ್ಕೆ ತಮ್ಮದೇ ಎರಡು ಯಂತ್ರಗಳನ್ನಿಟ್ಟುಕೊಳ್ಳಬೇಕು ಇಲ್ಲವೇ ಮಾಲೀಕರ ಲಿಖಿತ ಅನುಮತಿ ಪಡೆಯಬೇಕು. ಅನುಮತಿಯಿಲ್ಲದ ಪ್ರವೇಶ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿನ ವ್ಯಾಪ್ತಿಗೆ ಬರುತ್ತದೆ, ಕಲಿಯುವುದಕ್ಕೆ ಮಾಡಿದೆ ಎಂಬ ಸಮಜಾಯಿಷಿ ಅಲ್ಲಿ ನಿಲ್ಲುವುದಿಲ್ಲ; ವಂಚನೆಯ ಉದ್ದೇಶವಿದ್ದರೆ 66ನೇ ಕಲಮಿನಡಿ ಅಪರಾಧವೂ ಆಗುತ್ತದೆ.

ವಿಪಿಎಸ್ ಕೊಳ್ಳುವಾಗ ನಿಜವಾದ ಹೆಸರು, ವಿಳಾಸ, ಬಳಕೆಯ ಉದ್ದೇಶ ಕೇಳಿದರೆ ಅಚ್ಚರಿಪಡಬೇಡಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ ಡೇಟಾ ಸೆಂಟರ್, ವಿಪಿಎಸ್, ಕ್ಲೌಡ್ ಮತ್ತು ವಿಪಿಎನ್ ಸೇವೆ ಕೊಡುವವರು ಈ ವಿವರಗಳನ್ನು ಸೇವೆ ಮುಗಿದ ಮೇಲೂ 5 ವರ್ಷ ಕಾಪಿಡಬೇಕು. ಲಾಗ್‌ಗಳನ್ನು 180 ದಿನ ಉಳಿಸಬೇಕು. ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು.

ಏನನ್ನೂ ಕೇಳದ, ಯಾವ ದೂರಿಗೂ ಕಿವಿಗೊಡದ ಹೋಸ್ಟಿಂಗ್ ಸಿಗುತ್ತದೆಯಂತೆ. ಅದು ಒಳ್ಳೆಯದಲ್ಲವೇ?

ಅದನ್ನು ಬುಲೆಟ್‌ಪ್ರೂಫ್ ಹೋಸ್ಟಿಂಗ್ ಎನ್ನುತ್ತಾರೆ. ಅದರ ಗ್ರಾಹಕರು ಬಹುಪಾಲು ವಂಚಕರು. ಕ್ಯಾಲಿಫೋರ್ನಿಯಾದ ಮೆಕೊಲೊ ಎಂಬ ಕಂಪನಿಗೆ ಸಂಪರ್ಕ ಒದಗಿಸುತ್ತಿದ್ದವರು 2008ರ ನವೆಂಬರ್ 11ರಂದು ಅದನ್ನು ಕಡಿದುಹಾಕಿದಾಗ ಜಗತ್ತಿನ ಸ್ಪ್ಯಾಮ್ ಪ್ರಮಾಣ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಜರ್ಮನಿಯ ಟ್ರಾಬೆನ್-ಟ್ರಾರ್ಬಾಕ್ ಪಟ್ಟಣದ ಹಳೆಯ ಸೇನಾ ಬಂಕರಿನಲ್ಲಿ ನಡೆಯುತ್ತಿದ್ದ ಸೈಬರ್‌ಬಂಕರ್ ಮೇಲೆ ಪೊಲೀಸರು 2019ರ ಸೆಪ್ಟೆಂಬರ್‌ನಲ್ಲಿ ದಾಳಿ ಮಾಡಿದರು. 2021ರ ಡಿಸೆಂಬರ್‌ನಲ್ಲಿ ಅದನ್ನು ನಡೆಸಿದವರಿಗೆ ಶಿಕ್ಷೆಯಾಯಿತು. ಅಂತಹ ಕಡೆ ಪ್ರಾಮಾಣಿಕ ತಾಣವೊಂದಿದ್ದರೂ ಅದರ ಐಪಿ ಶ್ರೇಣಿಯನ್ನೇ ಎಲ್ಲರೂ ತಡೆದಿರುತ್ತಾರೆ, ದಾಳಿಯ ದಿನ ಸರ್ವರ್‌ಗಳೆಲ್ಲ ಒಟ್ಟಿಗೆ ಜಪ್ತಿಯಾಗುತ್ತವೆ.

ಹತ್ತಾರು ಗ್ರಾಹಕರಿಗೆ ನಾನೇ ಹೋಸ್ಟಿಂಗ್ ಮರುಮಾರಾಟ ಮಾಡುತ್ತೇನೆ. ಅವರ ತಪ್ಪಿಗೆ ನಾನು ಹೊಣೆಯೇ?

ಮೇಲಿನ ಕಂಪನಿಯ ಕಣ್ಣಿಗೆ ಹೌದು. ಅದರ ನಿಯಮಗಳಿಗಿಂತ ಸಡಿಲವಾದ ನಿಯಮಗಳನ್ನು ನಿಮ್ಮ ಗ್ರಾಹಕರಿಗೆ ಕೊಡುವಂತಿಲ್ಲ. ಕನ್ನಡದಲ್ಲೇ ಒಂದು ಪುಟದ ನಿಯಮಪತ್ರ ಬರೆದು ಸಹಿ ಪಡೆಯಿರಿ. ಪ್ರತಿಯೊಬ್ಬರಿಗೂ ಪ್ರತ್ಯೇಕ ಸಿಪ್ಯಾನೆಲ್ ಖಾತೆ ಕೊಡಿ. ಹತ್ತು ತಾಣಗಳನ್ನು ಒಂದೇ ಖಾತೆಯಲ್ಲಿ ತುರುಕಿದರೆ ಒಂದಕ್ಕೆ ನುಗ್ಗಿದವರು ಹತ್ತಕ್ಕೂ ನುಗ್ಗುತ್ತಾರೆ.

ಖಾತೆ ಅಮಾನತಾದರೆ ನಮ್ಮ ಡೇಟಾ ಸಿಗುತ್ತದೆಯೇ?

ಸಾಮಾನ್ಯ ಉಲ್ಲಂಘನೆಗಳಲ್ಲಿ ಕೇಳಿದರೆ ಬ್ಯಾಕಪ್ ಕೊಡುತ್ತಾರೆ. ತನಿಖೆ ನಡೆಯುತ್ತಿದ್ದರೆ ಕೊಡಲಾರರು. ಇದನ್ನು ನೆಚ್ಚಿ ಕೂರಬಾರದು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟುಹೋದಾಗ, ಬೇರೆ ಊರಿನಲ್ಲಿ ಪ್ರತಿ ಇಟ್ಟುಕೊಳ್ಳದ ಗ್ರಾಹಕರು ವರ್ಷಗಳ ಕೆಲಸವನ್ನೇ ಕಳೆದುಕೊಂಡರು. ತಿಂಗಳಿಗೊಮ್ಮೆಯಾದರೂ ಡೇಟಾಬೇಸ್ ಮತ್ತು ಕಡತಗಳನ್ನು ನಿಮ್ಮ ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ, ಆ ಪ್ರತಿಯಿಂದ ತಾಣ ಮರಳಿ ಏಳುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಿಯೂ ನೋಡಿ.

ಬೇರೆ ಯಾರೋ ನಮ್ಮ ಸಂಸ್ಥೆಯ ಹೆಸರಿನಲ್ಲಿ ನಕಲಿ ತಾಣ ಮಾಡಿ ದೇಣಿಗೆ ಎತ್ತುತ್ತಿದ್ದಾರೆ. ಯಾರಿಗೆ ದೂರು ಕೊಡಬೇಕು?

ಮೂರು ಕಡೆ ಒಟ್ಟಿಗೆ ಕೊಡಬೇಕು. ಡೊಮೇನ್ ನೋಂದಣಿಯ ವಿವರ ತೋರಿಸುವ ಹೂಈಸ್ ಹುಡುಕಾಟದಲ್ಲಿ ಆ ಡೊಮೇನ್ ನೋಂದಾಯಿಸಿದ ಕಂಪನಿಯ ಅಬ್ಯೂಸ್ (ದುರ್ಬಳಕೆಯ ದೂರಿನ) ಇಮೇಲ್ ಸಿಗುತ್ತದೆ. ಐಪಿ ವಿಳಾಸವನ್ನು ಅದೇ ರೀತಿ ಹುಡುಕಿದರೆ ಹೋಸ್ಟಿಂಗ್ ಕಂಪನಿಯದು ಸಿಗುತ್ತದೆ. ಇಬ್ಬರಿಗೂ ಪುಟದ ಪೂರ್ಣ ವಿಳಾಸ, ದಿನಾಂಕ-ಸಮಯ ಕಾಣುವ ಸ್ಕ್ರೀನ್‌ಶಾಟ್, ನಿಮ್ಮ ನಿಜವಾದ ತಾಣದ ವಿಳಾಸ ಮತ್ತು ನೋಂದಣಿ ಪತ್ರ ಕಳಿಸಿ. ನಕಲಿ ಪುಟ ಮಾಯವಾಗುವ ಮುನ್ನವೇ ಈ ಚಿತ್ರಗಳನ್ನು ತೆಗೆದಿಟ್ಟುಕೊಳ್ಳಬೇಕು. ಯಾರಾದರೂ ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ, ಏಕೆಂದರೆ ಹಣ ಬ್ಯಾಂಕಿನಿಂದ ಬ್ಯಾಂಕಿಗೆ ದಾಟಿಹೋಗುವ ಮೊದಲು ತಡೆಹಿಡಿಯಲು ಮೊದಲ ಕೆಲವು ಗಂಟೆಗಳಷ್ಟೇ ಇರುತ್ತವೆ. ಬಳಿಕ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ನಿಮ್ಮ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ. ಬೇರೆಯವರ ಹೆಸರು ಹೇಳಿಕೊಂಡು ಕಂಪ್ಯೂಟರ್ ಮೂಲಕ ವಂಚಿಸಿದವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ 3 ವರ್ಷಗಳವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ನಿಮ್ಮ ನಿಜವಾದ ತಾಣದ ಮುಖಪುಟದಲ್ಲೂ ಅಂದೇ ಒಂದು ಎಚ್ಚರಿಕೆ ಹಾಕಿ, ದೇಣಿಗೆ ಸ್ವೀಕರಿಸುವ ಖಾತೆ ಯಾವುದು ಎಂಬುದನ್ನು ಸ್ಪಷ್ಟವಾಗಿ ತಿಳಿಸಿ.